ಒಂಟೆ ಇಲ್ಲದ ಮುಖಪುಟ

ಲಂಡನ್ನಿನಿಂದ ಬರುವ ಪುಸ್ತಕಗಳಿಗೆ ಒಂದು ವಾಸನೆ ಇದೆ. ಅಂಟು, ಹೊಸ ಕಾಗದ, ರಟ್ಟಿನ ಪೆಟ್ಟಿಗೆ ಎಲ್ಲ ಸೇರಿದ್ದು. ಕಳೆದ ವಾರ ನಮ್ಮ ಪತ್ರಿಕಾ ಕಚೇರಿಗೆ ವಿಮರ್ಶೆಗೆಂದು ಬಂದ ಪಾರ್ಸೆಲ್ ಬಿಚ್ಚಿದಾಗ ಅದೇ ವಾಸನೆ. ಯಾರೋ ಬರೆದ ದುಬೈ ಬದುಕಿನ ಕಾದಂಬರಿ. ಮುಖಪುಟದಲ್ಲಿ ಮರಳ ದಿಬ್ಬ, ಅದರ ಮೇಲೊಂದು ಒಂಟೆ. ಇಲ್ಲಿ ದುಬೈನ ಅಲ್ ಮುರಕ್ಕಬಾತ್‌ನಲ್ಲಿ ನನ್ನ ಎದುರು ಫ್ಲ್ಯಾಟಿನಲ್ಲಿದ್ದ ಟೀಚರ್ ನೆನಪಾದರು...

ಅವರು ಉಡುಪಿ ಕಡೆಯವರು. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅಡುಗೆ ಮುಗಿಸಿ ಊಟದ ಮೇಜಿನಲ್ಲೇ ಕೂತು ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದರು. ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ‘ಬಸ್ ಆಂಟಿ’ಯೊಬ್ಬಳ ಕಥೆ. ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಬೇಡವೆಂದರು. ಕೊನೆಗೆ ಒಂದು ಸಣ್ಣ ಪ್ರಕಾಶನ ಒಪ್ಪಿತು. ಆ ದಿನ ನಮ್ಮ ಮಹಡಿಯ ಎಲ್ಲ ಮನೆಗೂ ಪಾಯಸ ಬಂತು.

ಕೆಲವು ತಿಂಗಳ ಮೇಲೆ ಮುಖಪುಟದ ಕರಡು ಬಂತು. ಮರಳು, ಒಂಟೆ, ಮುಖ ಮುಚ್ಚಿದ ಹೆಂಗಸು.

“ನನ್ನ ಬಸ್ಸಲ್ಲಿ ಮಕ್ಕಳು ಉಂಟು. ಒಂಟೆ ಎಲ್ಲುಂಟು ಮಾರಾಯ್ರೇ?” ಎಂದು ಟೀಚರ್ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು.

ಒಪ್ಪಂದದಲ್ಲಿ ಬರೆದದ್ದು ಇಷ್ಟೇ: ಮುಖಪುಟದ ಬಗ್ಗೆ ಲೇಖಕರನ್ನು ಕೇಳುತ್ತಾರೆ, ಕೊನೆಯ ಮಾತು ಪ್ರಕಾಶಕರದು. ಹಟ ಹಿಡಿದರೆ ಪುಸ್ತಕವೇ ಕೈತಪ್ಪಬಹುದಿತ್ತು. ಜೆಬೆಲ್ ಅಲಿ ಬಂದರಿನ ಗೋದಾಮಿನ ಕೆಲಸ ಮುಗಿಸಿ ಆಗಷ್ಟೇ ಬಂದ ಅವರ ಗಂಡ ಷೂ ಬಿಚ್ಚುತ್ತಲೇ ಹೇಳಿದರು: “ಒಪ್ಪಿ ಖಲಾಸ್ ಮಾಡು ಮಾರಾಯ್ತಿ. ಪುಣ್ಯಕ್ಕೆ ಆನೆ ಹಾಕ್ಲಿಲ್ಲ!”

ಟೀಚರ್ ನಗಲಿಲ್ಲ.

ಮರುದಿನ ಸಂಜೆ ಪ್ರಕಾಶನದ ಸಂಪಾದಕಿಯ ವಿಡಿಯೊ ಕರೆ ಬಂತು. ಸಾಕ್ಷಿಗೆ ಇರಲಿ ಎಂದು ಟೀಚರ್ ನನ್ನನ್ನೂ ಕೂರಿಸಿಕೊಂಡರು. ಓದುಗರಿಗೆ ಕೊಲ್ಲಿ ನಾಡೆಂದರೆ ಒಂಟೆಯೇ, ಪುಸ್ತಕದಂಗಡಿಗಳೂ ಅದನ್ನೇ ಕೇಳುತ್ತವೆ ಎಂದು ಸಂಪಾದಕಿ ಸಮಾಧಾನದಿಂದ ವಿವರಿಸಿದರು. ಟೀಚರ್ ಪೂರ್ತಿ ಕೇಳಿಸಿಕೊಂಡು, ತರಗತಿಯ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಹಾಕಿದರು: “ಲಂಡನ್ನಿನ ಬಸ್ ಕಂಡಕ್ಟರನ ಕಥೆಗೆ ನೀವು ಅರಮನೆಯ ಕಾವಲುಗಾರನ ಚಿತ್ರ ಹಾಕುತ್ತೀರಾ?”

ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಒಂಟೆಯೇ ಬೇಕಾದರೆ ಹಸ್ತಪ್ರತಿ ವಾಪಸ್ ಕೊಡಿ ಎಂದರು. ದನಿ ಗಟ್ಟಿಯಾಗಿತ್ತು.

“ಹಾಗಾದರೆ ನಿಮ್ಮ ಬಸ್ಸನ್ನು ತೋರಿಸಿ,” ಎಂದರು ಸಂಪಾದಕಿ.

ಬೆಳಿಗ್ಗೆ ಟೀಚರ್ ಶಾಲೆಯ ಬಸ್ಸಿನ ಫೋಟೊ ತೆಗೆದು ಕಳಿಸಿದರು. ಹಳದಿ ಬಸ್ಸು, ಧೂಳು ಹಿಡಿದ ಕಿಟಕಿ, ಅದರಾಚೆ ಆಂಟಿಯ ತೋಳಿನಿಂದ ಜೋಲುತ್ತಿದ್ದ ಮಕ್ಕಳ ನೀರಿನ ಬಾಟಲಿಗಳು. ಬಹಳ ದಿನ ಉತ್ತರವಿಲ್ಲ. ಗಂಡ ತಮಾಷೆ ಮಾಡುವುದನ್ನೂ ಬಿಟ್ಟರು. ಒಂದು ರಜಾದಿನ ಯಾರೋ ನನ್ನ ಬಾಗಿಲನ್ನು ಬಡಿದ ರಭಸಕ್ಕೆ, ಕಟ್ಟಡಕ್ಕೆ ಬೆಂಕಿ ಬಿತ್ತೆಂದೇ ಓಡಿದೆ. ಟೀಚರ್ ಫೋನನ್ನು ಎತ್ತಿ ಹಿಡಿದು ನಿಂತಿದ್ದರು. ಹೊಸ ಮುಖಪುಟದ ತುಂಬ ಆ ಬಸ್ಸು.

“ನೋಡಿ ಮಾರಾಯ್ರೇ, ನಮ್ಮ ಬಸ್ಸು ಲಂಡನ್ ಮುಟ್ಟಿತು!”

ಬಿಡುಗಡೆಯ ದಿನ ಅವರು ಫೋಟೊದಲ್ಲಿದ್ದ ಆ ಬಸ್ ಆಂಟಿಯನ್ನೇ ವೇದಿಕೆಗೆ ಕರೆದು ಮೊದಲ ಪ್ರತಿ ಕೊಟ್ಟರು. ಅಷ್ಟು ಹೊತ್ತಿನ ಚಪ್ಪಾಳೆಯನ್ನು ನಾನು ವರದಿಗಾರನಾಗಿ ಇನ್ನೆಲ್ಲೂ ಕೇಳಿಲ್ಲ.

ಎರಡನೆಯ ಕಾದಂಬರಿ ಅರ್ಧವಾಗಿದ್ದಾಗ ಟೀಚರ್ ತೀರಿಕೊಂಡರು. ಗಂಡ ಊರಿಗೆ ಮರಳಿದರು. ಎದುರು ಫ್ಲ್ಯಾಟಿಗೆ ಬೇರೆ ಸಂಸಾರ ಬಂದಿದೆ.

ಮೊನ್ನೆ ಬೆಳಿಗ್ಗೆ ಅವರ ಪುಸ್ತಕ ಹಿಡಿದು ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ಜೊತೆಗಿದ್ದ ಆ ಮನೆಯ ಪುಟ್ಟ ಹುಡುಗಿ ಮುಖಪುಟ ನೋಡಿ, “ಅಂಕಲ್, ದಿಸ್ ಈಸ್ ಮೈ ಬಸ್!” ಎಂದು ಕೂಗಿದಳು.

ಹೌದು ಮಗೂ, ನಿನ್ನದೇ ಎಂದೆ. ಈ ಬಸ್ಸಿಗಾಗಿ ಹೋರಾಡಿ ಗೆದ್ದವರು ನಿಮ್ಮ ಮನೆಯಲ್ಲೇ ಕೂತು... ಎನ್ನುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಹೊರಗೆ ಹಾರ್ನ್ ಕೇಳಿಸಿತು. ಅವಳು ಓಡಿದಳು.