ಸೊಸೆಗೆ ಹಾರಿಸುವ ಬಾರು

ನನ್ನ ತವರು ರಾಯಿಕೋಡದ ಹತ್ತಿರದ ಒಂದು ಹಳ್ಳಿ. ಅಲ್ಲಿಯ ನಮ್ಮ ಮನೆಯಲ್ಲಿ ಒಂದು ಜೋಡುನಳಿಗೆ ಬಂದೂಕಿತ್ತು. ಅಜ್ಜನ ಕಾಲದ್ದು, ಲೈಸೆನ್ಸ್ ಇದ್ದದ್ದು, ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸುವುದಕ್ಕೆ ಇಟ್ಟುಕೊಂಡದ್ದು. ಲಿಂಗಪೂಜೆ ಮಾಡುವ ಮನೆಯಲ್ಲಿ ಬಂದೂಕು ಯಾಕೆ ಎಂದು ಕೇಳಿದವರಿಗೆ ಅಪ್ಪ, “ಅದು ಬೊಗಳ್ತದ, ಕಚ್ಚಂಗಿಲ್ಲ” ಎನ್ನುತ್ತಿದ್ದ. ಖರೆಯೇ. ಅದರಿಂದ ಒಂದು ಹಂದಿ ಸತ್ತದ್ದನ್ನೂ ನಾನು ನೋಡಿಲ್ಲ.

ಹಂದಿ ಬಿಟ್ಟರೆ ಆ ಬಂದೂಕಿಗೆ ಇನ್ನೊಂದೇ ಕೆಲಸ. ಮನೆಗೆ ಹೊಸ ಸೊಸೆ ಬರುವ ದಿನ, ಅವಳು ಊರಿನ ಮಣ್ಣಿಗೆ ಕಾಲಿಡುವ ಮೊದಲು, ಮನೆಯ ಯಜಮಾನ ಮಾಳಿಗೆ ಹತ್ತಿ ಆಕಾಶಕ್ಕೆ ಎರಡು ಬಾರು ಹಾರಿಸಬೇಕು. ಹೊಲದಲ್ಲಿದ್ದವರಿಗೆ ಅದೊಂದು ಕರೆ: ಸೊಸೆ ಬಂದಳು, ಕೆಲಸ ಬಿಟ್ಟು ಊಟಕ್ಕೆ ಬನ್ನಿ. ಈಗ ಕಳೆ ಕೀಳುವವರ ಸೊಂಟದಲ್ಲೂ ಫೋನಿದೆ. ಆದರೂ ಬಾರು ನಿಂತಿರಲಿಲ್ಲ. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳುವುದರಲ್ಲಿ ನಮ್ಮ ಮನೆಯವರು ಯಾರಿಗೂ ಕಡಿಮೆಯಿಲ್ಲ.

ಅವ್ವ ಸೊಸೆಯಾಗಿ ಬಂದಾಗ ಮಾತ್ರ ಬಾರು ಹಾರಿರಲಿಲ್ಲ. ಅದು ಎಲೆಕ್ಷನ್ ಕಾಲ, ಊರೂರಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಿಸಿಕೊಂಡಿದ್ದರು. ಅವ್ವ ಬಂಡಿಯಿಂದ ಇಳಿದು ಸದ್ದಿಲ್ಲದೆ ಒಳಗೆ ಬಂದಳು. ಆ ವರ್ಷ ಮನೆಯ ಎತ್ತೊಂದು ಸತ್ತಿತು. ನಮ್ಮ ಆಯಿ, ಅಂದರೆ ಅವ್ವನ ಅತ್ತೆ, “ಸುಮ್ನ ಬಂದಾಕಿ ಕಾಲ್ಗುಣ” ಎಂದಳು. ಆಮೇಲೆ ಹಾಲು ಒಡೆದರೂ ಅದೇ ಮಾತು, ಬಾವಿಯ ಹಗ್ಗ ಹರಿದರೂ ಅದೇ ಮಾತು. ನೀರಿನ ಹತ್ತಿರ ಜಗಳವಾದರೆ ಊರ ಹೆಂಗಸರೂ ಕೊನೆಗೆ ಅದನ್ನೇ ಎತ್ತುತ್ತಿದ್ದರು: ನೀ ಸುಮ್ನ ಬಂದಾಕಿ. ಅವ್ವ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದಳು. ಆದರೆ ಅಣ್ಣನ ಹೆಂಡತಿ ಬಂದ ದಿನ ಮಾಳಿಗೆಯ ಮೇಲೆ ಬಾರು ಹಾರಿದಾಗ ಅವ್ವ ಅಡಿಗೆಮನೆಯ ಮೂಲೆಯಲ್ಲಿ ಅತ್ತದ್ದನ್ನು ನಾನು ನೋಡಿದ್ದೇನೆ. ಸಂತೋಷದ ಅಳು ಎಂದು ಉಳಿದವರು ಅಂದುಕೊಂಡರು. ನನಗೆ ಹಾಗನ್ನಿಸಲಿಲ್ಲ.

ಈಚೆಗೆ ಅಣ್ಣನ ಮಗನ ಮದುವೆಯಾಯಿತು. ನನ್ನನ್ನು ಕೊಟ್ಟದ್ದು ತಾಂಡೂರಿಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರದ ಮನೆಗೆ. ಹುಡುಗಿ ಅಲ್ಲೇ ಹತ್ತಿರದ ಪೆದ್ದೆಮುಲ್ ಕಡೆಯವಳು, ನೋಡಿ ಒಪ್ಪಿಸಿದವಳು ನಾನೇ. ಮೆತ್ತಗಿನ ಹುಡುಗಿ, ಓದಿದವಳು, ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಸ್ವಲ್ಪ ಯೋಚಿಸುವವಳು. ಅವಳ ಸೋದರಮಾವ ಹೈದರಾಬಾದಿನಲ್ಲಿ ಕಂತ್ರಾಟು ಮಾಡುವವನು, ತಂಗಿಯ ಮಗಳನ್ನು ಗಂಡನ ಮನೆಗೆ ಹೆಲಿಕಾಪ್ಟರಿನಲ್ಲಿ ಕಳಿಸುತ್ತೇನೆ ಎಂದು ಹಟ ಹಿಡಿದ. ಅದು ಈಗ ನಮ್ಮ ಕಡೆಯೂ ಹಬ್ಬಿರುವ ಹೊಸ ರೋಗ. ತಾಂಡೂರಿನಲ್ಲಿ ಮದುವೆ, ಅಲ್ಲಿಂದ ಹೆಣ್ಣುಗಂಡು ಹಾರಿ ಬಂದು ನಮ್ಮ ಮನೆಯ ಹಿಂದಿನ ಶಾಲೆಯ ಬಯಲಿನಲ್ಲಿ ಇಳಿಯುವುದು, ಇಳಿಯುವ ಮೊದಲು ಮನೆಯ ಮೇಲೆ ಒಂದು ಸುತ್ತು ಹಾಕಿ ಹೂವು ಸುರಿಯುವುದು ಎಂದು ಗೊತ್ತಾಯಿತು.

ಮದುವೆಯ ಹಿಂದಿನ ದಿನ ಹೆಲಿಕಾಪ್ಟರಿನ ಕಡೆಯವನೊಬ್ಬ ಬಯಲು ನೋಡಲು ಬಂದ. ಮನೆತುಂಬಿಸಿಕೊಳ್ಳುವ ತಯಾರಿಗೆಂದು ನಾನು ಅವ್ವನ ಜೊತೆ ಊರಲ್ಲೇ ಉಳಿದಿದ್ದೆ, ಅವನಿಗೆ ಚಹಾ ಕೊಟ್ಟೆ. ಬಯಲಿನಲ್ಲಿ ಸುಣ್ಣದ ವೃತ್ತ ಎಳೆಸಿದ. ಸುತ್ತಲ ಮಾಳಿಗೆಗಳ ಮೇಲೆ ಒಣಹಾಕಿದ ತಾಡಪತ್ರಿ, ಸೀರೆ ಎಲ್ಲ ತೆಗೆಸಿ ಎಂದ. ಗಾಳಿಪಟ ಬೇಡ, ಪಟಾಕಿ ಬೇಡ ಎಂದ. ನಾನು ಮೆಲ್ಲಗೆ ಬಂದೂಕಿನ ವಿಷಯ ತೆಗೆದೆ. ಅವನ ಕೈಯ ಚಹಾದ ಬಸಿ ಅಲ್ಲೇ ನಿಂತಿತು. “ಅಮ್ಮಾ, ಅದು ಇಳಿಯುವಾಗ ಮನೆಯ ಮಾಳಿಗೆಗಿಂತ ಎಷ್ಟು ಮೇಲಿರುತ್ತದೆ ಅಂದುಕೊಂಡಿರಿ? ಹಿಂದಿನ ಚಿಕ್ಕ ರೆಕ್ಕೆಗೆ ಬಾರಿನ ಒಂದು ಚರೆ ತಾಗಿದರೂ ಸಾಕು, ತಿರುಗುತ್ತ ಬೀಳುತ್ತದೆ. ತಾಗದಿದ್ದರೂ ನಡೆಸುವವನಿಗೆ ಕೆಳಗೆ ಬಂದೂಕು ಕಂಡರೆ ಏನನ್ನಿಸಬೇಕು?” ಎಂದು ಹಿಂದಿಯಲ್ಲಿ ಕೇಳಿದ. ಚಹಾ ಅರ್ಧ ಬಿಟ್ಟು ಹೋದ.

ಮರುದಿನ ತಾಳಿ ಕಟ್ಟಿದ ಕೂಡಲೇ ಅಣ್ಣ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಬಂದುಬಿಟ್ಟ. ಅಪ್ಪ ಹೋದ ಮೇಲೆ ಬಾರು ಹಾರಿಸುವವನು ಅವನೇ ಅಲ್ಲವೇ. ನಾನು ಎಲ್ಲ ಹೇಳಿದೆ. ಅವನು ಬಂದೂಕಿನ ನಳಿಗೆ ಒರೆಸುತ್ತ ಸಮಾಧಾನದಿಂದ ಕೇಳಿದ.

“ನಾ ಯಾಕ ಹೆಲಿಕಾಪ್ಟರಿಗಿ ಹೊಡೀಲಿ, ತಂಗಿ? ನಾ ಆಕಾಶಕ್ಕ ಹೊಡ್ಯಾಂವ.”

“ಹೆಲಿಕಾಪ್ಟರ್ ಎಲ್ಲಿಂದ ಬರ್ತದ, ಅಣ್ಣಾ?”

“ತಾಂಡೂರಿಂದ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನು ದಡ್ಡನಲ್ಲ. ಆದರೆ ನಮ್ಮ ಊರಿನಲ್ಲಿ ಆಕಾಶವೆಂದರೆ ಯಾರಿಗೂ ಸೇರದ ಜಾಗ. ಬೀದರ್ ಕಡೆಯಿಂದ ತರಬೇತಿಯ ಚಿಕ್ಕ ವಿಮಾನಗಳು ದಿನಾ ಬಂದು ನಮ್ಮ ತೊಗರಿಯ ಮೇಲೆ ಸುತ್ತುತ್ತವೆ, ಅವು ಎತ್ತರದಲ್ಲಿ, ನಾವು ಕೆಳಗೆ. ಹಂದಿಗೆ ಹಾರಿಸಿದ ಬಾರಿಗೂ ಅವಕ್ಕೂ ಏನಾದರೂ ಸಂಬಂಧವಿದೆ ಎಂದು ಯಾರೂ ಎಂದೂ ಯೋಚಿಸಿದ್ದಿಲ್ಲ. ಸೊಸೆಯರು ಯಾವಾಗಲೂ ರಸ್ತೆಯಿಂದ ಬಂದರು, ಬಾರು ಯಾವಾಗಲೂ ಮೇಲಕ್ಕೆ ಹೋಯಿತು. ಈ ಸೊಸೆ ಮೇಲಿನಿಂದ ಬರುತ್ತಾಳೆ ಎಂಬುದು ಅಣ್ಣನ ತಲೆಗೆ ಹೋಗಲು ನಾನು ಅಂಗಳದಲ್ಲಿ ಒಂದು ಚೆಂಬು ಎತ್ತಿ ಹಿಡಿದು, ಬೆರಳನ್ನೇ ಬಂದೂಕು ಮಾಡಿ ತೋರಿಸಬೇಕಾಯಿತು. ಆಗ ತಿಳಿಯಿತು. ಹೆಲಿಕಾಪ್ಟರ್ ಇಳಿದು, ರೆಕ್ಕೆ ನಿಂತ ಮೇಲೆ ಕೆರೆಯ ಕಡೆಗೆ ಹಾರಿಸುತ್ತೇನೆ ಎಂದು ಒಪ್ಪಿದ.

ಒಪ್ಪದವಳು ಅವ್ವ. ಕಟ್ಟೆಯ ಮೇಲೆ ಕೂತು ಹುರಿದ ಕಡ್ಲಿ ಪುಟಾಣಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಇಳಿದ ಮ್ಯಾಲ ಹೊಡದ್ರ ಅದು ಬಾರು ಅಲ್ಲ, ಪಟಾಕಿ. ಕಾಲ್ ಊರೋಕಿಂತ ಮೊದ್ಲೇ ಆಗ್ಬೇಕು.”

“ಅವ್ವ, ಹುಡುಗಿ ಜೀವದ ಮಾತದ.”

“ನನ್ನ ಜೀವಾನೂ ಇದೇ ಮಾತಿನಾಗೇ ಸವದದ. ನನ್ನ ಮೊಮ್ಮಗನ ಹೇಣ್ತಿ ಸುಮ್ನ ಬರಬಾರ್ದು.”

ನನಗೆ ಸಿಟ್ಟು ಬಂತು, ಅಷ್ಟೇ ಸಂಕಟವೂ ಆಯಿತು. ಅಣ್ಣ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ಅವನು ಮೀಸೆ ಬಂದ ಮೇಲೂ ಅವ್ವನ ಮಾತು ಮೀರಿದವನಲ್ಲ. ತೋಟಾಗಳನ್ನು ನನ್ನ ಕೈಗೆ ಕೊಡು ಎಂದರೆ, “ಹಿಡಕೊಂಡು ನಿಂತಿರ್ತೀನಿ, ಹೊಡ್ಯಂಗಿಲ್ಲ. ಅವ್ವಗ ಕಾಣ್ಬೇಕಲ್ಲ” ಎಂದು ಮಾಳಿಗೆ ಹತ್ತಿದ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಹೆಲಿಕಾಪ್ಟರಿನ ಸದ್ದು ಕೇಳಿತು. ನಾನು ಆರತಿ ತಟ್ಟೆ ಹಿಡಿದು ಬಯಲಿನ ಅಂಚಿನಲ್ಲಿ ನಿಂತಿದ್ದೆ, ಊರೆಲ್ಲ ಅಲ್ಲೇ ಇತ್ತು. ಮೊದಲು ನೊಣದಷ್ಟು ಕಂಡದ್ದು ನೋಡನೋಡುತ್ತ ಬೇವಿನ ಮರದ ಮೇಲಕ್ಕೇ ಬಂತು. ಆ ಮನುಷ್ಯ ಹೇಳಿದ್ದರೂ ಇಷ್ಟು ಕೆಳಗೆ ಬರುತ್ತದೆಂದು ನಾನೂ ತಿಳಿದಿರಲಿಲ್ಲ. ಧೂಳು, ಹೊಟ್ಟು, ಹಾರುವ ಸೆರಗುಗಳು. ಗಾಜಿನ ಹಿಂದೆ ಕೆಂಪು ಸೀರೆ ಕಂಡಿತು, ಬಾಸಿಂಗ ಕಂಡಿತು. ನಮ್ಮ ಮನೆಯ ಕಡೆ ತಿರುಗಿ ಬಾಗಿದಾಗ ಒಂದು ಹಿಡಿ ಚೆಂಡುಹೂವು ಬಿತ್ತು. ಆಗ ಮಾಳಿಗೆಯ ಕಡೆ ನೋಡಿದೆ. ಅಣ್ಣ ಬಂದೂಕು ಎತ್ತಿ ಹಿಡಿದಿದ್ದ. ಹೊಡೆಯುವವನಿದ್ದನೋ, ಅವ್ವನಿಗೆ ಕಾಣಲೆಂದು ಹಿಡಿದಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ ಎಂದು ಕಾಣುತ್ತದೆ.

ಹೆಲಿಕಾಪ್ಟರ್ ಒಮ್ಮೆಲೇ ಓರೆಯಾಯಿತು. ಅದರ ಹೊಟ್ಟೆ ನಮಗೆಲ್ಲ ಕಂಡಿತು. ಬಿತ್ತು ಎಂದೇ ಅಂದುಕೊಂಡೆ, ತಟ್ಟೆ ಕೈಯಿಂದ ಜಾರಿ ಕುಂಕುಮದ ನೀರು ನನ್ನ ಕಾಲ ಮೇಲೆ ಚೆಲ್ಲಿತು. ಅದು ಬೀಳಲಿಲ್ಲ. ವಾಲಿಕೊಂಡೇ ತೊಗರಿ ಹೊಲಗಳ ಮೇಲೆ ಹೋಗಿ, ಗುಡ್ಡದ ಆಚೆ ತಗ್ಗಿ, ಕಣ್ಣಿಗೆ ಕಾಣದಾಯಿತು. ಸದ್ದೂ ನಿಂತಿತು.

ನಾನು ಮಾಳಿಗೆ ಹತ್ತಿದೆ. ಅಣ್ಣ ಕುಸಿದು ಕೂತಿದ್ದ, ಬಂದೂಕು ತೊಡೆಯ ಮೇಲಿತ್ತು. “ನಾ ಇನ್ನಾ ಹೊಡದೇ ಇಲ್ಲ” ಎಂದ. ನಾನು ಬೈಯಬೇಕೆಂದೇ ಹತ್ತಿದ್ದೆ. ಅಷ್ಟರಲ್ಲಿ ಬಂದೂಕಿನ ನಳಿಗೆ ಬಗ್ಗಿಸಿ ತೆರೆದು ತೋಟಾ ತೆಗೆದು ಅವನೇ ನನ್ನ ಸೆರಗಿಗೆ ಹಾಕಿದ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಹುಡುಗನ ಫೋನು ಹತ್ತುತ್ತಿಲ್ಲ, ಹುಡುಗಿಯದೂ ಹತ್ತುತ್ತಿಲ್ಲ. ಗುಡ್ಡದ ಆಚೆ ಹೊಗೆ ಏನಾದರೂ ಕಾಣುತ್ತದೆಯೇ ಎಂದು ಇಬ್ಬರು ಬೈಕ್ ಹತ್ತಿ ಹೋದರು. ಅಡಿಗೆಯವರು ಒಲೆ ತಗ್ಗಿಸಿದರು. ಅವ್ವ ಒಳಗೆ ಹೋಗಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಅವಳ ಕಣ್ಣು ಲಿಂಗದ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಒಮ್ಮೆ ಮಾತ್ರ ಕೇಳಿದಳು: “ಅದು ಅಷ್ಟು ತೆಳಗ ಬರ್ತದಂತ ನೀ ಹೇಳಿದ್ದೇನು?” ಹೇಳಿದ್ದೆ ಎಂದೆ. ತಲೆ ಆಡಿಸಿದಳು.

ಕೊನೆಗೆ ಫೋನು ಬಂತು. ತಾಂಡೂರಿಗೆ ವಾಪಸ್ ಹೋಗಿ ಇಳಿದಿದ್ದರು. ಇನ್ನು ಆ ಊರಿಗೆ ಹಾರುವುದಿಲ್ಲ ಎಂದು ಹೆಲಿಕಾಪ್ಟರಿನವನು ಕೈ ಮುಗಿದನಂತೆ. ಅಣ್ಣ ಅಂಗಳದ ಮಣ್ಣಿನಲ್ಲೇ ಕೂತು ಅತ್ತ. ಅತ್ತಿಗೆ ಮತ್ತು ಮದುವೆ ಮಂದಿಯ ಜೊತೆ ಹೆಣ್ಣುಗಂಡು ಕಾರಿನಲ್ಲಿ, ಎಲ್ಲರಂತೆ ರಸ್ತೆಯಿಂದ, ದೀಪ ಹಚ್ಚುವ ಹೊತ್ತಿಗೆ ಬಂದರು.

ಊರ ಬಾಗಿಲಲ್ಲಿ ಕಾರು ಕಂಡಾಗ ಹಿರಿಯರೊಬ್ಬರು ಅಣ್ಣನಿಗೆ, “ಈಗರ ಹಾರ್ಸ್ರಿ, ಮ್ಯಾಲ ಯಾರೂ ಇಲ್ಲ” ಎಂದರು. ಅಣ್ಣ ಅವ್ವನ ಕಡೆ ನೋಡಿದ. ಅವ್ವ ಹೊಸ್ತಿಲಲ್ಲಿ ನಿಂತು, ತಡಿ ಎಂಬಂತೆ ಕೈ ಮಾಡಿದಳು.

ಹುಡುಗಿ ಕಾರಿನಿಂದ ಇಳಿದಳು. ಹೊಸ ಸೊಸೆ ಹೊಸ್ತಿಲು ನೋಡಬೇಕು, ಅಕ್ಕಿ ತುಂಬಿದ ಸೇರು ನೋಡಬೇಕು. ಅವಳು ಮೊದಲು ಮಾಳಿಗೆ ನೋಡಿದಳು. ಅಲ್ಲಿ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಹೆಜ್ಜೆ ಇಟ್ಟಳು. ಅವ್ವನಿಗೆ ಅದು ಕಾಣದೆ ಇರಲಿಲ್ಲ.

“ಮ್ಯಾಲ ಏನ್ ನೋಡ್ತಿ, ಮಗಳೇ?”

ಹುಡುಗಿ ಎಂದಿನಂತೆ ಸ್ವಲ್ಪ ಯೋಚಿಸಿದಳು. “ಏನಿಲ್ಲರಿ ಆಯಿ. ಮಾವನೋರು ಬಂದೂಕ ಹಿಡಕೊಂಡು ನಿಂತಿದ್ರರಿ. ಇವ್ರು ಅದು ನಮ್ಮ ಪದ್ಧತಿ ಅಂತ ದಾರ್ಯಾಗ ಹೇಳ್ಯಾರ. ಆದ್ರ ಮ್ಯಾಲಿಂದ ನೋಡಿದಾಗ ನನಗ ಅದು ಗೊತ್ತಿರ್ಲಿಲ್ಲರಿ. ನಾ ಬರೋದು ಈ ಮನ್ಯಾಗ ಯಾರಿಗೋ ಬ್ಯಾಡ ಅಂತ ತಿಳ್ಕೊಂಡೆ.”

ಅಣ್ಣ ತಲೆ ತಗ್ಗಿಸಿದ. ಆ ಎರಡು ಬಾರಿಗಾಗಿ ಅವ್ವ ಒಂದು ಜನ್ಮವೆಲ್ಲ ಹಂಬಲಿಸಿದ್ದಳು. ಈಗ ಹೊಸ್ತಿಲು ದಾಟಿ ಹೊರಗೆ ಬಂದು, ಸೊಸೆಯ ಕೈ ಹಿಡಿದು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

“ನಾನೂ ಈ ಮನಿಗಿ ಸುಮ್ನೇ ಬಂದಾಕಿ. ಇನ್ನ ಬರೋರೆಲ್ಲಾ ನನ್ನಂಗೇ ಬರ್ಲಿ. ಬಾ, ಬಲಗಾಲಿಡು.”