ಹೆಸರಿನ ಸ್ಟಿಕರ್ ಮಾಡುವ ಸುನಂದಾ

ಸುನಂದಾಳ ಗಂಡನ ಹೆಸರು ಮುತ್ತುರಾಜ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅವಳನ್ನು ಕೇಳಿದರೆ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಕಾರ್ಡು ಮುಂದೆ ಹಿಡಿಯುತ್ತಾಳೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಹಿಂದೆ ನಿಂತವರ ಮುಖ ನೋಡುತ್ತಾಳೆ, ಗೊತ್ತಿದ್ದವರು ಯಾರಾದರೂ ಹೇಳಲಿ ಎಂದು. ಗಿರಾಕಿಗಳು ಫೋನ್ ಮಾಡಿ ಅಂಗಡಿಯ ಹೆಸರೇನು ಎಂದರೆ, "ನೀರಿನ ಟಾಕಿ ಎದುರಿಗಿನ ಸ್ಟಿಕರ್ ಮನಿ ಅನ್ರಿ, ಯಾರರ ತೋರಸ್ತಾರ" ಎನ್ನುತ್ತಾಳೆ. ಅವಳ ಬಾಗಿಲ ಮೇಲೆ ಮಾತ್ರ ಗೇಣುದ್ದದ ಕೆಂಪು ಅಕ್ಷರಗಳಲ್ಲಿ 'ಮುತ್ತುರಾಜ ಸ್ಟಿಕರ್ಸ್' ಎಂದಿದೆ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹಿಂದಿನವರು ನಂಬಿದ್ದರು. ನಾನು ನಂಬಿದವಳಲ್ಲ. ನಮ್ಮ ಯಜಮಾನರ ಹೆಸರು ಬಸಯ್ಯ. ದಿನಕ್ಕೆ ಹತ್ತು ಸಲ ಕೂಗುತ್ತೇನೆ, ಗುಂಡುಕಲ್ಲಿನ ಹಾಗೆ ಇದ್ದಾರೆ.

ನವನಗರದಲ್ಲಿ ಸುನಂದಾಳ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆ. ನಾನು ಅಲ್ಲೇ ಸರಕಾರಿ ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಕಲಿಸುವವಳು, ಮಹಾದೇವಿ ಅಕ್ಕೋರು. ಮುತ್ತುರಾಜ ಗಾಡಿಗಳಿಗೆ ಸ್ಟಿಕರ್ ಹಚ್ಚುತ್ತಿದ್ದ. ಒಂಬತ್ತು ವರ್ಷದ ಹಿಂದೆ ಮಾಲು ತರುತ್ತೇನೆಂದು ಸೊಲ್ಲಾಪುರಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಇದು ಓಣಿಗೆಲ್ಲ ಗೊತ್ತು, ಸುನಂದಾಳಿಗೂ ಗೊತ್ತು. ಮಕ್ಕಳಿಲ್ಲ. ಇಳಕಲ್ಲಿನಿಂದ ಅಣ್ಣ ಎರಡು ಸಲ ಕರೆಯಲು ಬಂದ. ಅವಳು ಹೋಗಲಿಲ್ಲ.

"ಅವರು ಬಂದಾಗ ಬಾಗಲಕ್ಕ ಕೀಲಿ ಹಾಕಿದ್ದು ನೋಡಿದ್ರ ಹಂಗ ಹೊಳ್ಳಿ ಹೋಗಿಬಿಡ್ತಾರ್ರಿ" ಎಂದಳು.

ಹೊಳ್ಳಿ ಹೋಗಲಿ ಬಿಡು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮನೆಗೆ ಅಂದಿನಿಂದ ಕೀಲಿಯೇ ಬೀಳಲಿಲ್ಲ, ಪೇಟೆಗೆ ಹೋದರೂ ಬಾಗಿಲನ್ನು ಬರೀ ಮುಂದೆ ಮಾಡಿ ಹೋಗುತ್ತಿದ್ದಳು. ಅಣ್ಣನ ಮಗಳ ಮದುವೆಗೆ ಬೆಳಿಗ್ಗೆ ಹೋಗಿ ಸಂಜೆ ಬಂದಳು, ಅದೂ ಇಡೀ ದಿನ ನನ್ನನ್ನು ತನ್ನ ಕಟ್ಟೆಯ ಮೇಲೆ ಕಾವಲು ಕೂರಿಸಿ. ರವಿವಾರ ಹಾಳಾಯಿತೆಂದು ನಾನು ಬೈದುಕೊಳ್ಳುತ್ತಲೇ ಕೂತಿದ್ದೆ.

ಮುತ್ತುರಾಜ ಬಿಟ್ಟುಹೋದ ಕತ್ತರಿಸುವ ಯಂತ್ರವೊಂದು ಮುಂದಿನ ಕೋಣೆಯಲ್ಲಿತ್ತು. ಅದನ್ನು ನಡೆಸಲು ತಾನೇ ಕಲಿತಳು. ಗಾಡಿಯವರು ಹೆಂಗಸಿನ ಹತ್ತಿರ ಬರಲು ಹಿಂಜರಿದರು. ಆದರೆ ಶಾಲೆ ಶುರುವಾಗುವ ಹೊತ್ತಿಗೆ ತಾಯಂದಿರು ಬಂದರು. ಮಗುವಿನ ಹೆಸರು, ಪಕ್ಕದಲ್ಲೊಂದು ಗಿಳಿಯೋ ಮೀನೋ. ಬಾಟಲಿಗೆ, ಕಂಪಾಸಿಗೆ, ಟಿಫಿನ್ ಡಬ್ಬಿಗೆ. ಯಂತ್ರ ಬಣ್ಣದ ಹಾಳೆಯ ಮೇಲೆ ಅಕ್ಷರ ಕೊರೆದು ಕೊಡುತ್ತದೆ, ಬೇಡದ ಚೂರನ್ನೆಲ್ಲ ಕೈಯಿಂದಲೇ ಕೀಳಬೇಕು. ನಮ್ಮ ಕನ್ನಡದ ಅಕ್ಷರಗಳೆಲ್ಲ ದುಂಡಗೆ, ಒಂದೊಂದರ ಹೊಟ್ಟೆಯೊಳಗೂ ಒಂದು ಚೂರು. ಸೂಜಿಯ ಮೊನೆಯಲ್ಲಿ ಅವನ್ನು ಎತ್ತುವಾಗ ಅವಳ ಕೈ ನೋಡಬೇಕು. ಇಳಕಲ್ಲಿನ ನೇಕಾರರ ಮನೆಯ ಕೈ ಅದು. ಸೀರೆಯ ಒಡಲಿಗೂ ಸೆರಗಿಗೂ ಎಳೆಯಿಂದ ಎಳೆಗೆ ಕೊಂಡಿ ಹಾಕಿ ಕೂಡಿಸುವುದನ್ನು ಹತ್ತನೆಯ ವಯಸ್ಸಿಗೇ ಕಲಿತಿತ್ತು.

ಹೀಗೆ ನವನಗರದ ಅರ್ಧ ಮಕ್ಕಳ ಹೆಸರು ಆ ಮನೆಯಲ್ಲಿ ಹುಟ್ಟಿ ಹೊರಗೆ ಹೋದವು. ಒಳಗೆ ಮಾತ್ರ ಅವಳನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಕೆಲಸ ಮುಗಿದರೂ ಒಮ್ಮೊಮ್ಮೆ ಹಾಳೆಯಿಲ್ಲದೆ ಯಂತ್ರ ಓಡಿಸುತ್ತಿದ್ದಳು. ಯಾಕೆ ಎಂದು ಕೇಳಿದೆ. "ಸಪ್ಪಳ ಇರಲಿ ಅಂತ್ರೀ" ಎಂದಳು.

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲವಂತೆ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಲ್ಲಿ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದರು. ಇವಳು ತಲೆ ತಗ್ಗಿಸಿ ಅಂದಳಂತೆ:

"ಕೊಂಡಿ ಕೂಡಿಸಿದ ಸೆರಗು ಎಂದೂ ಬಿಡಂಗಿಲ್ಲ,
ಮುತ್ತುರಾಜರ ಕೈ ಹಿಡದಾಕಿ ನಾ ಹಿಂದ ನೋಡಂಗಿಲ್ಲ."

ಇದನ್ನು ನನಗೆ ಹೇಳುವಾಗಲೂ ಆ ಹೆಸರು ಬಂದ ಕಡೆ ಸುಮ್ಮನಾಗಿ ಕೈ ಆಡಿಸಿದಳು. ನನಗೆ ಸಿಟ್ಟು ಬಂತು. ಅಂಥವನ ಆಯುಷ್ಯ ಕಾದು ನಿನಗೇನಾಗಬೇಕು ಎಂದುಬಿಟ್ಟೆ.

"ಆಯುಷ್ಯದ ಮಾತಲ್ರಿ ಅಕ್ಕೋರ" ಎಂದಳು ಸುನಂದಾ. "ಮದಿವಿ ಆದಾಕಿ ಗಂಡನ ಹೆಸರ ಹೇಳಂಗಿಲ್ಲ. ನಾ ಹೇಳಿದ್ನಿ ಅಂದ್ರ, ಅವರು ನನ್ನ ಗಂಡ ಅಲ್ಲ, ಇನ್ನ ಬರಂಗಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಈ ವರ್ಷ ಜೂನಿನಲ್ಲಿ ಯಾರೋ ಪುಣ್ಯಾತ್ಮರು ನಮ್ಮ ತರಗತಿಯ ಇಪ್ಪತ್ತೆಂಟು ಮಕ್ಕಳಿಗೂ ನೀರಿನ ಬಾಟಲಿ, ಕಂಪಾಸು ಕೊಡಿಸಿದರು. ಎಲ್ಲವೂ ಒಂದೇ ನೀಲಿ. ಮರುದಿನದಿಂದ ನನ್ನ ತರಗತಿ ಸಂತೆಯಾಯಿತು. ಇವನ ಬಾಟಲಿ ಅವನಿಗೆ, ಅವನ ಕಂಪಾಸು ಇವಳಿಗೆ, ಅಳು, ಜಗ್ಗಾಟ. ಹಾಜರಿ ಪುಸ್ತಕದಿಂದ ಹೆಸರುಗಳನ್ನು ಅಪ್ಪನ ಹೆಸರಿನ ಸಮೇತ ಬರೆದು ಸುನಂದಾಳಿಗೆ ಕೊಟ್ಟೆ. ಓದಲು ಬಾರದ ಮಕ್ಕಳು ಎಂದು ಅವಳೇ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಸೇರಿಸಿದಳು. ಇಪ್ಪತ್ತೆಂಟು ಚಿತ್ರ, ಒಂದರಂತೆ ಇನ್ನೊಂದಿಲ್ಲ.

ನೀನೇ ಬಂದು ಹಚ್ಚಿಕೊಡು ಎಂದು ಒತ್ತಾಯ ಮಾಡಿದವಳು ನಾನು. ಮಕ್ಕಳ ನಡುವೆ ಒಂದು ಗಳಿಗೆ ಕೂತರೆ ಮನಸ್ಸು ಹಗುರಾದೀತು ಎಂಬ ಆಸೆ. ಅವಳು ಒಳ್ಳೆಯ ಸೀರೆ ಉಟ್ಟು ಬಂದಳು. ಹಾಜರಿ ಕರೆಯುವಾಗ ಮಗುವಿನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಿ ಕರೆಯುವುದು ನಮ್ಮ ರೂಢಿ. ಮಕ್ಕಳು ಹಾಗೆ ಕರೆದರೇ ಏಳುವುದು.

"ಮಲ್ಲು ಶಿವಸಂಗಪ್ಪ" ಎಂದಳು ಸುನಂದಾ.

"ಹಾಜರ್ರಿ!"

ಮಲ್ಲುವಿನ ಬಾಟಲಿಗೆ ಆನೆ ಅಂಟಿತು. ಅಡಿಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ಹೆಬ್ಬೆರಳಿನಿಂದ ತಿಕ್ಕಿ ಕೊಟ್ಟಳು. ಮಕ್ಕಳು ಒಬ್ಬೊಬ್ಬರೇ ಬಂದರು, ಅವಳು ನಕ್ಕಳು. ಅವಳ ಹಲ್ಲು ನಾನು ನೋಡಿದ್ದು ಅಪರೂಪ. ಕೊನೆಗೆ ಎರಡು ಉಳಿದವು. ನಮ್ಮಲ್ಲಿ ಇಬ್ಬರು ಸುಶ್ಮಿತಾ ಇದ್ದಾರೆ. "ಸುಶ್ಮಿತಾ ಈರಪ್ಪ" ಎಂದಳು, ಆ ಹುಡುಗಿ ಬಂದು ಮೊಲ ಹಚ್ಚಿಸಿಕೊಂಡು ಹೋಯಿತು.

ಕೊನೆಯದನ್ನು ಕೈಗೆತ್ತಿಕೊಂಡು ಸುನಂದಾ ನಿಂತುಬಿಟ್ಟಳು. ನನಗೆ ಆಗ ನೆನಪಾಯಿತು. ಆ ಹುಡುಗಿಯ ಅಪ್ಪನ ಹೆಸರು ಮುತ್ತುರಾಜ. ಬೇರೆ ಮುತ್ತುರಾಜ, ಟಂಟಂ ಗಾಡಿ ಓಡಿಸುವವನು, ದಿನಾ ಗೇಟಿನ ತನಕ ಮಗಳನ್ನು ಬಿಟ್ಟು ಹೋಗುವವನು. ಪಟ್ಟಿ ಬರೆದವಳು ನಾನೇ, ನನಗೇ ಹೊಳೆದಿರಲಿಲ್ಲ. ಅವಳು ಮನೆಯಲ್ಲಿ ಒಬ್ಬಳೇ ಕೂತು ಆ ಹೆಸರಿನ ಒಂದೊಂದು ಚೂರನ್ನೂ ಸೂಜಿಯಿಂದ ಎತ್ತಿದ್ದಳು, ನನಗೆ ಒಂದು ಮಾತೂ ಹೇಳಿರಲಿಲ್ಲ.

"ಬಾ ತಂಗಿ, ನಿಂದ ಉಳದೈತಿ" ಎಂದಳು.

ಹುಡುಗಿ ಏಳಲಿಲ್ಲ. "ನನ್ನ ಹೆಸರ ಪೂರಾ ಕರೀರಿ" ಎಂದಳು.

"ಸುಶ್ಮಿತಾ. ಬಾ ನನ್ನವ್ವ."

"ಎಲ್ಲಾರಿಗೂ ಅಪ್ಪನ ಹೆಸರ ಹಚ್ಚಿ ಕರದ್ರಿ." ಹುಡುಗಿಯ ಗಲ್ಲ ನಡುಗತೊಡಗಿತ್ತು. "ನನಗೂ ಅಪ್ಪ ಅದಾನ್ರಿ."

ನಾನು ಕರೆಯಲು ಬಾಯಿ ತೆರೆದೆ. ಸುನಂದಾ ನನ್ನ ಕಡೆ ನೋಡದೆಯೇ ಬೇಡವೆಂದು ಕೈ ಮುಂದೆ ಮಾಡಿದಳು. ಸ್ಟಿಕರಿನ ಮೇಲಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

"ಸುಶ್ಮಿತಾ" ಎಂದಳು. ಸ್ಟಿಕರಿನ ಹಿಂದಿನ ಕಾಗದ ಸುಲಿದಳು. "ಸುಶ್ಮಿತಾ ಮುತ್ತುರಾಜ."

"ಹಾಜರ್ರಿ!" ಎಂದು ಹುಡುಗಿ ಕೈಯೆತ್ತಿ ಓಡಿ ಬಂದಳು.

ಸುನಂದಾ ಬಾಟಲಿಗೆ ನವಿಲು ಹಚ್ಚಿದಳು. ಗುಳ್ಳೆ ಒಂದೂ ಇರಲಿಲ್ಲ, ಆದರೂ ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದಳು. ಕಣ್ಣೀರು ಅದರ ಮೇಲೆಯೇ ಬಿತ್ತು. ಅಳಸ್ತೈತೇನ್ರಿ ಎಂದು ಹುಡುಗಿ ಕೇಳಿತು. "ಇಲ್ಲವ್ವ, ನೀರಿಗಿ ಅಳಸಂಗಿಲ್ಲ ಇದು" ಎಂದಳು. ಚಹಾ ಕುಡಿದು ಹೋಗು ಎಂದೆ. ಒಲ್ಲೆನೆಂದು, ಗೇಟು ದಾಟಿ ಒಬ್ಬಳೇ ಹೋದಳು. ಅವಳ ಹಿಂದೆ ಹೋಗಬೇಕಿತ್ತು ನಾನು, ಹೋಗಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಮರುದಿನ ಶಾಲೆಗೆ ಹೊರಟಾಗ ಅವಳ ಮನೆಯ ಮುಂದೆ ನಿಂತೆ. ಯಂತ್ರದ ಸಪ್ಪಳವಿಲ್ಲ. ಮೊದಲ ಬಸ್ಸಿಗೇ ಇಳಕಲ್ಲಿಗೆ ಹೋದಳೆಂದು ಎದುರು ಮನೆಯವರು ಹೇಳಿದರು. ನನ್ನನ್ನು ಕಾವಲು ಕೂರಲು ಕರೆದಿರಲಿಲ್ಲ. ಬಾಗಿಲಿಗೆ ಕೀಲಿ ಬಿದ್ದಿತ್ತು. ಹೊಸ ಕೀಲಿ, ಅದರ ಮೇಲಿನ ಅಂಗಡಿಯ ಚೀಟಿಯನ್ನು ಅವಳು ಕಿತ್ತೂ ಇರಲಿಲ್ಲ.