ಹಿಂಬಾಗಿಲಿನ ಲಾರಿ

ನನ್ನ ಗಂಡ ಆಫೀಸಿನಿಂದ ಖಾಲಿ ಕಾರ್ಟನ್‌ಗಳನ್ನು ತಂದು ಹಾಲ್‌ನ ಮೂಲೆಯಲ್ಲಿ ಪೇರಿಸಿದಾಗ ನಾನು ಯಾಕೆಂದು ಕೇಳಲಿಲ್ಲ. ದೋಹಾದಲ್ಲಿರುವ ನಮ್ಮ ಕಡೆಯವರ ಮನೆಗೆ ಕಾರ್ಟನ್ ಬಂತೆಂದರೆ ಊರಿಗೆ ರಜೆಯಲ್ಲಿ ಹೋಗುವುದೆಂದೇ ಅರ್ಥ. ಟಿಕೆಟ್ ಮಾಡಿಸಿ ಸಸ್ಪೆನ್ಸ್ ಇಟ್ಟಿದ್ದಾರೆ ಎಂದು ಒಳಗೊಳಗೇ ಹಿಗ್ಗಿದೆ. ಮರುದಿನವೇ ಅಲ್ ಮುಂತಜಾದ ಅಂಗಡಿಗಳಿಗೆ ಹೋಗಿ ಹಾಲಿನ ಪುಡಿ, ಸಾಬೂನು, ನೋವಿನ ಮುಲಾಮು, ಖರ್ಜೂರ ಎಲ್ಲ ತಂದೆ. ಒಂದು ಕಾರ್ಟನ್ ತುಂಬಿಸಿ, ಟೇಪು ಸುತ್ತಿ, ಮಾರ್ಕರಿನಲ್ಲಿ ದಪ್ಪಗೆ ‘ಮಂಗಳೂರು’ ಎಂದು ಬರೆದೆ. ಅವರು ನೋಡಿ ಒಳಗೆ ಹೋದರು.

ಆ ವಾರ ಮಗಳಿಗೆ ಶಾಲೆಯಲ್ಲಿ ಬ್ರಿಟನ್ನಿನ ಪ್ರಧಾನಿಗಳ ಬಗ್ಗೆ ಪ್ರಾಜೆಕ್ಟು. ಊಟಕ್ಕೆ ಕುಳಿತಾಗಲೂ ಅದೇ ಮಾತು. ಒಬ್ಬ ಪ್ರಧಾನಿ ಎರಡು ತಿಂಗಳೂ ಕುರ್ಚಿಯಲ್ಲಿ ಉಳಿಯಲಿಲ್ಲ ಎಂದಳು. ನಮ್ಮನ್ನು ಅಷ್ಟು ಕಾಲ ಬಿಡದೆ ಆಳಿದವರಿಗೆ ತಮ್ಮವರನ್ನೇ ಎರಡು ತಿಂಗಳು ಸಹಿಸಲಾಗಲಿಲ್ಲವೇ ಎಂದು ನಾನು ನಕ್ಕೆ.

“ಅದು ಮಾತ್ರ ಅಲ್ಲ ಅಮ್ಮ. ಇಲೆಕ್ಷನ್‌ನಲ್ಲಿ ಸೋತ್ರೆ ನೆಕ್ಸ್ಟ್ ಡೇನೇ ಮನೆ ಬಿಡ್ಬೇಕು. ಮುಂದಿನ ಡೋರ್‌ನಲ್ಲಿ ಸ್ಪೀಚ್, ಹಿಂದಿನ ಡೋರ್‌ನಲ್ಲಿ ಸಾಮಾನಿನ ಲಾರಿ.”

ತುತ್ತು ಕೈಯಲ್ಲೇ ಉಳಿಯಿತು. ಪ್ರಧಾನಿಗೇ ಈ ಗತಿಯೇ! “ಎಂತದು, ಮರುದಿನವೇ? ಸಣ್ಣ ಮಕ್ಕಳು ಇದ್ರೂ?”

“ಇದ್ರೂ. ಹೌಸ್ ಜಾಬ್‌ದು ಅಲ್ವಾ, ಅವರದ್ದಲ್ಲ.”

ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಸೋತ ಮಂತ್ರಿ ಸರಕಾರಿ ಬಂಗಲೆ ಬಿಡಬೇಕಾದರೆ ಎಷ್ಟು ಸಲ ನೋಟಿಸು ಹೋಗಬೇಕು! “ಎಂಥ ಕಲ್ಲುಮನಸ್ಸಿನ ಜನ ಮಾರಾಯ್ರೆ! ದೇಶ ಆಳಿದವನಿಗೆ ಪಾತ್ರೆ ಕಟ್ಲಿಕ್ಕಾದ್ರೂ ಟೈಮ್ ಬೇಡ್ವಾ? ನೀವೇ ಹೇಳಿ,” ಎಂದು ಗಂಡನ ಕಡೆ ತಿರುಗಿದೆ.

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ನಮಗೆ ಒಂದು ತಿಂಗಳು ಉಂಟು,” ಎಂದರು.

ನನಗೆ ಅರ್ಥವಾಗಲಿಲ್ಲ. ಎಂತಕ್ಕೆ ಎಂದು ಕೇಳಿದೆ.

“ಖಲಾಸ್. ಕೆಲಸ ಹೋಯ್ತು. ವೀಸಾ ಕ್ಯಾನ್ಸಲ್ ಆಗ್ತದೆ. ಫ್ಲ್ಯಾಟ್ ಕಂಪೆನಿದಲ್ವಾ. ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲ. ಕಾರ್ಟನ್ ನೋಡಿ ನೀನೇ ಕೇಳ್ತಿ ಅಂತ ಇದ್ದೆ. ನೀನು ಸಾಬೂನು ತುಂಬಿಸ್ಲಿಕ್ಕೆ ಶುರು ಮಾಡಿದಿ.”

ಅಲ್ ಸದ್ದ್‌ನ ಈ ಫ್ಲ್ಯಾಟಿಗೆ ನಾವು ಬಂದಾಗ ಮಗಳಿಗೆ ನಡೆಯಲೂ ಬರುತ್ತಿರಲಿಲ್ಲ. ಪರದೆಯ ಬಟ್ಟೆ ನಾನು ಆರಿಸಿದ್ದು, ಬಾಲ್ಕನಿಯ ಕುಂಡದಲ್ಲಿ ಬಸಳೆ ನಾನು ನೆಟ್ಟದ್ದು. ಇದು ನಮ್ಮದಲ್ಲ ಎಂಬ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಪ್ರಧಾನಿಯ ಹೆಂಡತಿಗೂ ಬಂದಿರಲಿಕ್ಕಿಲ್ಲ.

ಮಗಳು ನಮ್ಮಿಬ್ಬರ ಮುಖವನ್ನೂ ನೋಡಿದಳು. “ಹಾಗಾದ್ರೆ ನನ್ನ ಸ್ಕೂಲ್?”

ನಾನು ಎದ್ದು ಕೈ ತೊಳೆದು ಬಂದು, ‘ಮಂಗಳೂರು’ ಎಂದು ಬರೆದಿದ್ದ ಕಾರ್ಟನ್ನಿನ ಟೇಪು ಕಿತ್ತೆ. ಹಾಲಿನ ಪುಡಿಯ ಡಬ್ಬಗಳನ್ನು ಒಂದೊಂದಾಗಿ ಹೊರಗಿಟ್ಟು, ಅವಳ ಪುಸ್ತಕಗಳಿಗೆ ಜಾಗ ಮಾಡಿದೆ.